ಮೂರನೆಯ ತುಂಡು

ಧಾರವಾಡ
ಮಂಗಳವಾರ ರಾತ್ರಿ

ಚಿ. ಮಗಳಿಗೆ ಅವ್ವನ ಆಶೀರ್ವಾದ.

ನೀನು ಫೋನ್ ಎತ್ತವಲ್ಲಿ, ಅದಕ್ಕೇ ಬರೆಯುತ್ತಿದ್ದೇನೆ. ಇವು ಅಳತೆ ಪುಸ್ತಕದ ಹಿಂದಿನ ಹಾಳೆಗಳು. ನಡುವೆ ಯಾರದೋ ತೋಳಿನ ಸುತ್ತಳತೆ ಕಂಡರೆ ಬಿಟ್ಟು ಓದು. ನಾಳೆ ಬೆಂಗಳೂರು ಬಸ್ಸಿಗೆ ಒಂದು ಚೀಲ ಕೊಟ್ಟು ಕಳಿಸುತ್ತೇನೆ, ಇದನ್ನೂ ಅದರಲ್ಲೇ ಇಡುತ್ತೇನೆ.

ನಿನ್ನೆ ನೀನು ಅತ್ತುಕೊಂಡು ಫೋನ್ ಮಾಡಿದಿ. "ಅವ್ವಾ, ಸೂಜಿ ಮುರೀತು, ಬಟ್ಟಿ ಹರೀತು" ಅಂದಿ. ನಾನು ಕೇಳಿದ್ದು, "ರೇಷ್ಮಿ ಮ್ಯಾಲ ಯಾಕ ಹಾಕಾಕ ಹೋದಿ?" ಸಾಲದ್ದಕ್ಕೆ ಕಚೇರಿ ಕೆಲಸ ಬಿಟ್ಟಿದ್ದು, ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನಿನ ಕಂತು ಇನ್ನೂ 18 ಬಾಕಿ ಇರುವುದು, ಎಲ್ಲ ತೆಗೆದೆ. ನೀನು ಒಂದೇ ಮಾತು ಕೇಳಿ ಇಟ್ಟುಬಿಟ್ಟಿ: "ಇಷ್ಟೆಲ್ಲಾ ಗೊತ್ತಿದ್ದಾಕಿ ನನಗ ಯಾಕ ಕಲಿಸಲಿಲ್ಲ?"

ಅದಕ್ಕೆ ಉತ್ತರ ಬರೆಯೋಣ ಅಂತಲೇ ಕೂತಿದ್ದೇನೆ. ಆದರೆ ಮೊದಲು ಆ ಬ್ಲೌಸ್ ಪೀಸಿನ ವಿಷಯ ಮುಗಿಸುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನ ಇಲ್ಲ. ನೀನು ಕಳಿಸಿದ ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ನವಿಲಿನ ಕುತ್ತಿಗೆಯ ಕೆಳಗೆ ದಾರ ಗುಂಜು ಕಟ್ಟಿ, ಆ ಗುಂಜನ್ನು ಎಳೆದಾಗ ಕಡಲೆಬೇಳೆಯಷ್ಟು ತೂತು ಬಿದ್ದಿದೆ. ಹೌದಲ್ಲ?

ಮಷೀನು ಕೆಟ್ಟಿಲ್ಲ. ಕೆಳಗಿನ ದಾರದ ಬಾಬಿನ್ ಮೂರು ಸಲ ತೆಗೆದು ಹಾಕಿದೆ ಅಂದಿ. ಹೊಸಬರೆಲ್ಲ ಮಾಡುವುದು ಅದನ್ನೇ. ಗುಂಜು ಕೆಳಗೆ ಕಾಣುತ್ತದೆ, ಅದಕ್ಕೆ ಕೆಳಗಿನ ದಾರವನ್ನೇ ಬೈಯುತ್ತೇವೆ. ಸಾಮಾನ್ಯವಾಗಿ ತಪ್ಪು ಮೇಲಿನ ದಾರದ್ದು. ಹಸಿರು ಮುಗಿಸಿ ನೀಲಿ ಪೋಣಿಸಿದಿಯಲ್ಲ, ಆಗ ಬಟ್ಟೆ ಒತ್ತಿ ಹಿಡಿಯುವ ಫೂಟ್ ಕೆಳಗಿತ್ತೋ ಮೇಲಿತ್ತೋ? ಕೆಳಗಿದ್ದರೆ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ದಾರ ಅವುಗಳ ನಡುವೆ ಇಳಿಯುವುದೇ ಇಲ್ಲ. ಹಿಡಿಯುವವರಿಲ್ಲದ ದಾರವನ್ನು ಕೆಳಗಿನ ಶಟಲ್ ಬೇಕಾದಷ್ಟು ಎಳೆದುಕೊಂಡು ಗುಂಜು ಮಾಡುತ್ತದೆ. ಫೂಟ್ ಎತ್ತಿ ಪೋಣಿಸು. ಎತ್ತಿದಾಗ ಜಗ್ಗಿದರೆ ದಾರ ಸಲೀಸಾಗಿ ಬರಬೇಕು, ಇಳಿಸಿದಾಗ ಬಿಗಿ ಹತ್ತಬೇಕು. ಪ್ರತಿ ಬಣ್ಣಕ್ಕೂ ಹೀಗೆ ನೋಡಬೇಕು. ಗುಂಜು ಕಟ್ಟಿತೋ, ಬಟ್ಟೆ ಸಿಕ್ಕಿಸಿದ ಫ್ರೇಮನ್ನು ಜಗ್ಗಬೇಡ. ಮಷೀನು ಬಂದ್ ಮಾಡಿ, ಫ್ರೇಮಿನ ಅಡಿಗೆ ಸಣ್ಣ ಕತ್ತರಿ ತೂರಿಸಿ ಒಂದೊಂದೇ ಎಳೆ ಕತ್ತರಿಸು. ಹತ್ತು ನಿಮಿಷ ಹೋದರೆ ಹೋಗಲಿ.

ಇನ್ನೊಂದು, ಬಟ್ಟೆಯ ಕೆಳಗೆ ಏನು ಇಟ್ಟಿದ್ದಿ? ಫೋಟೋದಲ್ಲಿ ಒಂದೇ ಪದರ ತೆಳ್ಳನೆಯ ಪೇಪರ್ ಕಾಣುತ್ತದೆ. ಆ ನವಿಲಿಗೆ 21,000 ಹೊಲಿಗೆ ಅಂದಿ. ಅಷ್ಟು ಸಲ ಚುಚ್ಚಿಸಿಕೊಂಡ ಮೇಲೆ ಆ ಪೇಪರ್ ಜರಡಿಯಾಗಿ ಅರ್ಧಕ್ಕೇ ಹರಿದುಹೋಗುತ್ತದೆ, ಆಮೇಲೆ ಭಾರವೆಲ್ಲ ರೇಷ್ಮೆಯ ಮೇಲೆ. ದಟ್ಟ ಡಿಸೈನಿಗೆ ಹರಿದು ತೆಗೆಯುವ ಪೇಪರ್ ಸಾಲದು, ಕತ್ತರಿಸಿ ತೆಗೆಯುವ ಗಟ್ಟಿ ಪೇಪರೇ ಬೇಕು. ಟೀ ಶರ್ಟಿನಂಥ ಜಗ್ಗುವ ಬಟ್ಟೆಗೂ ಅದೇ. ರೇಷ್ಮೆಯನ್ನು ಫ್ರೇಮಿಗೆ ಹಾಕುವಾಗ ಒಳರಿಂಗಿಗೆ ಬಿಳಿ ಹತ್ತಿ ಪಟ್ಟಿ ಸುತ್ತಬೇಕು, ಇಲ್ಲದಿದ್ದರೆ ರಿಂಗಿನ ಗುರುತು ಇಸ್ತ್ರಿಗೂ ಹೋಗುವುದಿಲ್ಲ. ಬಟ್ಟೆ ನೆಟ್ಟಗೆ ಇರಬೇಕು, ಆದರೆ ಜಗ್ಗಿ ಕೂಡಿಸಿದ್ದಾಗಿರಬಾರದು. ಜಗ್ಗಿದ ಬಟ್ಟೆ ಫ್ರೇಮಿನಿಂದ ಬಿಚ್ಚಿದ ಕೂಡಲೇ ತನ್ನ ಜಾಗಕ್ಕೆ ವಾಪಸು ಹೋಗುತ್ತದೆ, ಹೊಲಿಗೆ ಹೋಗುವುದಿಲ್ಲ. ಸುತ್ತ ಸುಕ್ಕು ಬೀಳುವುದು ಅದಕ್ಕೇ.

ನೋಡು, ಪಾಠ ಶುರುವಾಯಿತು. ಕಲಿಸಲಿಲ್ಲ ಅಂದಿದ್ದಕ್ಕೆ ಒಂದೇ ರಾತ್ರಿಯಲ್ಲಿ ಎಲ್ಲ ಕಲಿಸಿಬಿಡುವವಳ ಹಾಗೆ.

ಯಾಕೆ ಕಲಿಸಲಿಲ್ಲ ಅಂದರೆ, ನಿನ್ನ ಎಡಗೈ ತೋರುಬೆರಳು. ನಿನಗೆ ನೆನಪಿರುವುದನ್ನು ಬರೆಯುವುದಿಲ್ಲ. ದವಾಖಾನಿ, ಇಂಜೆಕ್ಷನ್ನು, ಕಂಪೌಂಡರ್ ಕೊಟ್ಟ ಪೇಪರಮಿಂಟು, ಇವನ್ನೆಲ್ಲ ನೀನೇ ಎಷ್ಟೋ ಸಲ ಹೇಳಿ ಮಂದಿಯನ್ನು ನಗಿಸಿದ್ದೀ. ನಿನಗೆ ಗೊತ್ತಿಲ್ಲದ್ದು ಸೂಜಿಯ ವಿಷಯ.

2003ರ ಮೇ. ಆಗ ನಮ್ಮದು ತುಳಿಯುವ ಮಷೀನು. ಎಂಬ್ರಾಯ್ಡರಿಗೆ ಅಂತ ಬೇರೆ ಮಷೀನು ನಮ್ಮಂಥವರ ಮನೆಯಲ್ಲಿ ಎಲ್ಲಿಂದ ಬರಬೇಕು? ಹೊಲಿಯುವುದರದ್ದೇ ಫೂಟ್ ಬಿಚ್ಚಿ, ಬಟ್ಟೆ ತಳ್ಳುವ ಹಲ್ಲುಗಳನ್ನು ಇಳಿಸಿ, ಬಟ್ಟೆಯನ್ನು ರಿಂಗಿನ ತಳಕ್ಕೆ ಬರುವ ಹಾಗೆ ಹಾಕಿ (ಕೈಕಸೂತಿಗೆ ಹಾಕುವುದರ ಉಲ್ಟಾ), ಎರಡೂ ಕೈಯಿಂದ ರಿಂಗು ಹಿಡಿದು ಸೂಜಿಯ ಕೆಳಗೆ ಓಡಿಸುವುದು. ಈಗ ನಿನ್ನ ಮಷೀನಿನಲ್ಲಿ ಫ್ರೇಮು ತಾನೇ ಓಡಾಡುತ್ತದೆ. ಆಗ ಆ ಓಡಾಟವೆಲ್ಲ ನನ್ನ ಮಣಿಕಟ್ಟಿನದು. ಫೂಟ್ ಇಲ್ಲದ ಸೂಜಿ ಅಂದರೆ ಕಟ್ಟೆ ಇಲ್ಲದ ಬಾವಿ.

ಗಿಣಿಹಸಿರು ಬ್ಲೌಸು, ತೋಳಿಗೆ ಜರಿ ಬಳ್ಳಿ. ಮದುವಣಗಿತ್ತಿಯದು. ಮರುದಿನ ಬೆಳಿಗ್ಗೆ ಒಯ್ಯಲು ಬರುವವರಿದ್ದರು. ನೀನು ನನ್ನ ತೊಡೆಗೆ ಒರಗಿ ನಿಂತು ಎಲೆ ಎಣಿಸುತ್ತಿದ್ದಿ. ಆಚೆ ಹೋಗು ಅನ್ನಲಿಲ್ಲ, ನೀನು ಎಣಿಸುತ್ತಿದ್ದರೆ ನನಗೂ ಬೇಸರ ಕಳೆಯುತ್ತಿತ್ತು. "ಇದಕ್ಕ ತುದಿ ಇಲ್ಲ" ಅಂತ ಒಂದು ಎಲೆಗೆ ಬೆರಳು ಇಟ್ಟಿ. ನನ್ನ ಕಾಲು ನಿಂತಿತು. ತುಳಿಯುವ ಮಷೀನು ಕಾಲು ನಿಂತ ಕೂಡಲೇ ನಿಲ್ಲುವುದಿಲ್ಲ, ಚಕ್ರ ಇನ್ನೂ ಒಂದೆರಡು ಸುತ್ತು ತಿರುಗುತ್ತದೆ. ಆಗಿದ್ದು ಆ ಒಂದೆರಡು ಸುತ್ತಿನಲ್ಲಿ.

ಸೂಜಿ ಮೂರು ತುಂಡಾಗಿತ್ತು. ಮೇಲಿನದು ಮಷೀನಿನಲ್ಲೇ ಇತ್ತು. ನಡುವಿನದು ನಿನ್ನ ಬೆರಳಲ್ಲಿ, ಅದನ್ನು ನಾನೇ ಕಿತ್ತೆ. ತುದಿ ಸಿಗಲಿಲ್ಲ.

ಎಕ್ಸ್‌ರೇ ನೋಡಿ ಡಾಕ್ಟರು ಬೆರಳಲ್ಲಿ ಏನೂ ಇಲ್ಲ ಅಂದರು. ಹಾಗಾದರೆ ಎಲ್ಲಿ? ಬಟ್ಟೆಯಲ್ಲಿ ಉಳಿದಿದ್ದರೆ ಆ ಹುಡುಗಿಗೆ ಅಕ್ಷತೆ ಬೀಳುವ ಹೊತ್ತಿಗೆ ಚುಚ್ಚುತ್ತದೆ. ನೀನು ಮಲಗಿದ ಮೇಲೆ ಹಳೇ ರೇಡಿಯೋದ ಸ್ಪೀಕರಿನಿಂದ ಮ್ಯಾಗ್ನೆಟ್ ಬಿಚ್ಚಿ ನೆಲವೆಲ್ಲ ಆಡಿಸಿದೆ. ಗುಂಡುಪಿನ್ನು ಬಂದವು, ಹುಕ್ಕು ಬಂದವು. ತುದಿ ಬರಲಿಲ್ಲ. ತೋಳನ್ನು ಗಲ್ಲಕ್ಕೆ ಒತ್ತಿ ಇಂಚಿಂಚಾಗಿ ಎಳೆದು ನೋಡಿದೆ. ಬೆರಳಿಗೆ ಗೊತ್ತಾಗದ್ದು ಗಲ್ಲಕ್ಕೆ ಗೊತ್ತಾಗುತ್ತದೆ. ಇರಲಿಲ್ಲ. ಇದ್ದದ್ದು ಸಾಸಿವೆಯಷ್ಟು ರಕ್ತದ ಕಲೆ. ಅದಕ್ಕೆ ನನ್ನ ಉಗುಳು ಹಚ್ಚಿ ಉಜ್ಜಿದೆ. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಉಪಾಯ ಅದು, ಹಸಿ ರಕ್ತ ಉಗುಳಿಗೆ ಬಿಡುತ್ತದೆ. ಆಮೇಲೆ ಹೊಸ ಸೂಜಿ ಹಾಕಿ ನಾಲ್ಕು ಗಂಟೆಯವರೆಗೆ ಕೂತು ಬಳ್ಳಿ ಮುಗಿಸಿದೆ.

ಮುಗಿಸಬೇಕಾಗಿತ್ತು, ಬಿಡು. ಮದುವೆ ನಿಲ್ಲುತ್ತಿರಲಿಲ್ಲ.

ಎಕ್ಸ್‌ರೇ ಮೇಲೆ ನನಗೆ ನಂಬಿಕೆ ಇರಲಿಲ್ಲ. ದಿನಾ ರಾತ್ರಿ ನಿನ್ನ ಬೆರಳನ್ನು ತುದಿಯಿಂದ ಬುಡದವರೆಗೆ ಒತ್ತಿ ನೋಡುತ್ತಿದ್ದೆ. ನೀನು ಅದನ್ನು ಆಟ ಅಂದುಕೊಂಡು ಉಳಿದ ಒಂಬತ್ತೂ ಚಾಚುತ್ತಿದ್ದಿ. ನಿನ್ನ ಗೆಳತಿಯರಿಗೂ ಆ ಆಟ ಕಲಿಸಿದ್ದಿ. ಎರಡು ತಿಂಗಳ ಮೇಲೆ ಎಣ್ಣೆ ಬಿಡಲು ಸೂಜಿಯ ಕೆಳಗಿನ ತಗಡು ಬಿಚ್ಚಿದರೆ, ಹಲ್ಲುಗಳ ಸಂದಿಯಲ್ಲಿ, ನೂಲಿನ ಹೊಟ್ಟಿನ ನಡುವೆ ಕೂತಿತ್ತು. ಮೂರನೆಯ ತುಂಡು. ಎಳ್ಳಿನಷ್ಟು. ಎಣ್ಣೆಬಟ್ಟೆಯಲ್ಲಿ ಸುತ್ತಿ ಎಸೆದೆ. ಆದರೆ ಅಷ್ಟರೊಳಗೆ ನಿನ್ನನ್ನು ಮಷೀನಿನ ಖೋಲಿಗೆ ಬಿಡಬಾರದು ಅಂತ ನಿಶ್ಚಯ ಮಾಡಿಯಾಗಿತ್ತು. ನೀನು ಬಂದರೆ ಬೈಯುತ್ತಿದ್ದೆ. "ಓದು ಹೋಗು" ಅನ್ನುತ್ತಿದ್ದೆ. ಓದಿದಿ. ಓದಿ, ಕೆಲಸ ಹಿಡಿದು, ಅದನ್ನು ಬಿಟ್ಟು, ಕಡೆಗೆ ಸೂಜಿಯ ಹತ್ತಿರವೇ ಬಂದು ಕೂತಿ.

ಈಗ ನಿನ್ನ ಮಷೀನು ನಿಮಿಷಕ್ಕೆ 600 ಹೊಲಿಗೆ ಹಾಕುತ್ತದೆ ಅಂತೀ. ಸೆಕೆಂಡಿಗೆ ಹತ್ತು. ನನ್ನ ಕಾಲಿಗೆ ಅಷ್ಟು ಓಟ ಎಂದೂ ಇರಲಿಲ್ಲ. ದಯವಿಟ್ಟು 400ಕ್ಕೆ ಇಳಿಸು. 21,000 ಹೊಲಿಗೆ 600ರಲ್ಲಿ 35 ನಿಮಿಷ, 400ರಲ್ಲಿ 53 ನಿಮಿಷ. ಹದಿನೆಂಟು ನಿಮಿಷದಲ್ಲಿ ಯಾವ ಕಂತು ತೀರುತ್ತದೆ? ಜರಿಗಂತೂ ಇನ್ನೂ ನಿಧಾನ, ಕಣ್ಣು ದೊಡ್ಡದಿರುವ ಸೂಜಿ, 90/14 ನಂಬರಿನದು. ಮಾಮೂಲಿ ದಾರಕ್ಕೆ 75/11 ಸಾಕು. ಎಂಟು ತಾಸು ಓಡಿತೋ, ಚೆನ್ನಾಗಿ ಕಂಡರೂ ಸೂಜಿ ಬದಲಿಸು. ಮೊಂಡು ಸೂಜಿ ರೇಷ್ಮೆಯನ್ನು ಚುಚ್ಚುವುದಿಲ್ಲ, ಕೀಳುತ್ತದೆ. ಮಷೀನು ಓಡುವಾಗ ದಾರದ ತುದಿ ಕತ್ತರಿಸಲು ಕೈ ಹಾಕಬೇಡ, ನಿಲ್ಲಿಸಿ ಕತ್ತರಿಸು. ಮುಖ ಬಗ್ಗಿಸಿ ನೋಡಬೇಡ, ಮುರಿದ ತುಂಡು ಕಣ್ಣಿಗೇ ಹಾರುತ್ತದೆ. ಕನ್ನಡಕ ಹಾಕಿಕೋ, ನಂಬರ್ ಇಲ್ಲದ್ದಾದರೂ ಸರಿ. ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಮುರಿದ ಸೂಜಿಯ ಎಲ್ಲ ತುಂಡು ಜೋಡಿಸಿ ತೋರಿಸಿದ ಮೇಲೇ ಹೊಸ ಸೂಜಿ ಕೊಡುತ್ತಾರೆ. ಅದನ್ನು ಕೇಳಿದಾಗ ನಾನು ಮಷೀನಿನ ಮುಂದೆ ಕೂತಲ್ಲೇ ಅತ್ತಿದ್ದೆ, ಯಾಕೆ ಅಂತ ನಿಮ್ಮಪ್ಪ ಕೇಳಿದರೂ ಹೇಳಲಿಲ್ಲ.

ಸೋಮವಾರದ ಸೂಜಿ ಎಷ್ಟು ತುಂಡಾಯಿತು? ಎಲ್ಲ ಸಿಕ್ಕವಾ?

ಬೇರೆ ಏನೋ ಬರೆಯಬೇಕಾಗಿತ್ತು. ಹಾಂ, ಕಸೂತಿ. ಗಿರಾಕಿಗಳು ಮಷೀನಿನಲ್ಲಿ ಕಸೂತಿ ಕೇಳುತ್ತಾರೆ, ಮಾಡಲಾ ಅಂತ ಹೋದ ವಾರ ಕೇಳಿದ್ದಿ. ಗೋಪುರ, ತೇರು, ಆನೆ ಅಂಬಾರಿ, ಆಕಾರ ಎಲ್ಲ ಬರುತ್ತವೆ, ಮಾಡು. ಆದರೆ "ಕಸೂತಿ ಡಿಸೈನು" ಅಂತ ಹೇಳಿ ಮಾರು, ಕಸೂತಿ ಅಂತ ಹೇಳಬೇಡ. ನಿಮ್ಮಜ್ಜಿ ಇಳಕಲ್ ಸೀರೆಯ ಎಳೆ ಎಣಿಸಿ ಗವಂತಿ ಹಾಕುತ್ತಿದ್ದಳು: ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟಿದ್ದನ್ನು ತುಂಬುತ್ತ. ಒಂದೇ ದಾರ, ಗಂಟಿಲ್ಲ, ಎರಡೂ ಕಡೆ ಒಂದೇ ರೂಪ. ಮಷೀನಿಗೆ ಎರಡು ದಾರ, ಮೇಲಿನದು ಬೇರೆ ಬಾಬಿನ್ನಿನದು ಬೇರೆ. ಅದಕ್ಕೆ ಬೆನ್ನು ಇದ್ದೇ ಇರುತ್ತದೆ. ನಾನು ಮಷೀನಿನಲ್ಲಿ ಮೊದಲ ಹೂವು ತೆಗೆದು ತೋರಿಸಿದಾಗ ಅತ್ತೆ ತಿರುವಿ ನೋಡಿ, "ಇದು ಹಿಂದ ಒಂದು ಮಾತಾಡತೈತಿ, ಮುಂದ ಒಂದು" ಅಂದಿದ್ದಳು. ಆವತ್ತು ಸಿಟ್ಟು ಬಂದಿತ್ತು. ಈಗ ನಾನೂ ನಿನ್ನ ಕೆಲಸದ ಬೆನ್ನನ್ನೇ ಮೊದಲು ನೋಡುತ್ತೇನೆ. ದಪ್ಪ ಗೆರೆ ಹೊಲಿದು ತಿರುವಿದರೆ ನಟ್ಟನಡುವೆ ಬಾಬಿನ್ನಿನ ಬಿಳಿ ದಾರ ಮೂರರಲ್ಲಿ ಒಂದು ಪಾಲು ಕಾಣಬೇಕು, ಎರಡೂ ಬದಿಗೆ ಮೇಲಿನ ಬಣ್ಣ. ನಿನ್ನ ನವಿಲಿನ ಗರಿಗಳಲ್ಲಿ ಹಾಗೇ ಇದೆ. ಗರಿಗಳ ಹೊಲಿಗೆ ಒಂದೊಂದೂ ಬೇರೆ ಬೇರೆ ಕಡೆ ವಾಲಿಸಿದ್ದೀಯಲ್ಲ, ಬೆಳಕು ಬಿದ್ದಾಗ ಒಂದು ಕಪ್ಪು ಇನ್ನೊಂದು ಹೊಳಪು ಕಾಣಲಿ ಅಂತ. ಅದನ್ನು ಯಾರು ಹೇಳಿಕೊಟ್ಟರು? ಪೆನ್‌ಡ್ರೈವಿನಲ್ಲಿ ಬಂದದ್ದಲ್ಲ, ನೀನೇ ಕಂಪ್ಯೂಟರಿನಲ್ಲಿ ಹೊಲಿಗೆ ಕೂಡಿಸಿ ಪಂಚಿಂಗ್ ಮಾಡಿದ್ದು ಅಂದಾಗ ನಾನು ನಂಬಲಿಲ್ಲ. ಪಕ್ಕದ ಮನೆಯವರಿಗೆ ತೋರಿಸಿದೆ. ಬಟ್ಟೆ ಅಂಗಡಿಯಲ್ಲೂ ತೋರಿಸಿದೆ. ತೂತಿರುವ ಭಾಗಕ್ಕೆ ಹೆಬ್ಬೆರಳು ಇಟ್ಟುಕೊಂಡು.

ಆ ತೂತು ಮುಚ್ಚಬಹುದು. ಒಳಗಿನಿಂದ ಫ್ಯೂಸಿಂಗ್ (ಇಸ್ತ್ರಿ ಬಿಸಿಗೆ ಅಂಟುವ ಬಟ್ಟೆ) ತುಂಡು ಇಸ್ತ್ರಿ ಮಾಡಿ, ಕುತ್ತಿಗೆಗೆ ಒಂದು ಸರ ತೊಡಿಸಿದರೆ ಗೊತ್ತಾಗುವುದಿಲ್ಲ. ಆದರೆ ಮೊದಲು ಬಟ್ಟೆ ಕೊಟ್ಟ ಗಿರಾಕಿಯವರನ್ನು ಕರೆದು ತೋರಿಸು. ಬೇಡ ಅಂದರೆ ಹೊಸ ಪೀಸು ತಂದುಕೊಡು. ಚೀಲದಲ್ಲಿ ದುಡ್ಡು ಇಟ್ಟಿದ್ದೇನೆ, ವಾಪಸು ಕಳಿಸಬೇಡ. ನಾನು ಆ ಮದುವೆಯವರಿಗೆ ಹೇಳಿರಲಿಲ್ಲ. ಬೆಳಿಗ್ಗೆ ಬಂದರು, ಬ್ಲೌಸು ನೋಡಿ ಹೊಗಳಿದರು, ದುಡ್ಡು ಕೊಟ್ಟರು, ನಾನು ಎಣಿಸಿ ತೆಗೆದುಕೊಂಡೆ. ನೀನು ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಿ. ಕೂಸಿಗೆ ಏನಾಯಿತು ಅಂತ ಕೇಳಿದರು. ಬಾಗಿಲು ಸಿಕ್ಕಿತು ಅಂದೆ.

ಮತ್ತೆ ಅಲ್ಲಿಗೇ ಬಂದೆ ನೋಡು. ಇನ್ನು ಹೇಳಿಯೇಬಿಡುತ್ತೇನೆ, ಇಲ್ಲದಿದ್ದರೆ ಬೆಳಗಾಗುತ್ತದೆ. ಆವತ್ತು ನೀನು ಚೀರಿದಾಗ ನಾನು ಮೊದಲು ನೋಡಿದ್ದು ಬಟ್ಟೆಯನ್ನು. ಬೆರಳನ್ನಲ್ಲ. ಎಷ್ಟು ಹೊತ್ತು ಅಂದರೆ ಹೇಳಲಾರೆ, ಚಕ್ರ ನಿಲ್ಲುವಷ್ಟು ಹೊತ್ತು. ಜರಿ ಹರಿಯಿತಾ ಅಂತ ನೋಡಿದೆ, ಆಮೇಲೆ ನಿನ್ನ ಕೈ ಹಿಡಿದೆ. ನಿಮ್ಮಪ್ಪನಿಗೂ ಇದು ಗೊತ್ತಿಲ್ಲ. ನಿನ್ನೆ ಫೋನ್ ಇಟ್ಟ ಮೇಲೆ, ಒಲೆಯ ಮುಂದೆ ನಿಂತಾಗ ಹೊಳೆಯಿತು, ನಿನ್ನೆಯೂ ನಾನು ರೇಷ್ಮೆಯನ್ನೇ ಮೊದಲು ಕೇಳಿದ್ದೆ.

ತಪ್ಪಾಯಿತು, ಯವ್ವಾ.

ಚೀಲದಲ್ಲಿ ನಿಮ್ಮಪ್ಪನ ಹಳೇ ಲುಂಗಿ ಕತ್ತರಿಸಿದ ಹನ್ನೆರಡು ತುಂಡುಗಳಿವೆ, ಗಟ್ಟಿ ಪೇಪರ್ ಎರಡು ಮೀಟರ್, ಒಳರಿಂಗಿಗೆ ಸುತ್ತುವ ಬಿಳಿ ಪಟ್ಟಿ, ಹತ್ತು ಸೂಜಿ, ಆ ಮ್ಯಾಗ್ನೆಟ್. ಹನ್ನೆರಡೂ ತುಂಡಿನ ಮೇಲೆ ಹೊಲಿದು ಮುಗಿಯುವವರೆಗೆ ಗಿರಾಕಿ ಬಟ್ಟೆ ಮುಟ್ಟಬೇಡ. ಡಿಸೈನನ್ನು ಮಷೀನಿನಲ್ಲೇ ಬಹಳ ಹಿಗ್ಗಿಸಬೇಡ, ಹೊಲಿಗೆ ಬಿರುಕು ಬಿಡುತ್ತವೆ. ಆದದ್ದನ್ನೆಲ್ಲ ತಿರುವಿ ಬೆನ್ನಿನ ಫೋಟೋ ಕಳಿಸು. ಶನಿವಾರ ರಾತ್ರಿ ಬಸ್ಸಿಗೆ ನಾನೇ ಬರುತ್ತೇನೆ, ಬೇಡ ಅನ್ನಬೇಡ. ಬೆರಳಿನ ಫೋಟೋನೂ ಕಳಿಸು, ಎರಡೂ ಕೈಯವು.

ಇಂತಿ,
ನಿಮ್ಮವ್ವ

ಶೇಂಗಾ ಚಟ್ನಿ ಡಬ್ಬಿ ಚೀಲದ ತಳದಲ್ಲಿದೆ. ಅದನ್ನು ಮೊದಲು ತೆಗೆ, ಎಣ್ಣೆ ಜಿನುಗಿದರೆ ಬಟ್ಟೆ ತುಂಡುಗಳಿಗೆ ಹತ್ತುತ್ತದೆ.