ಭಾನುವಾರದ ಬೇಸ್‌ಬಾಲ್ ಪ್ರಾಕ್ಟೀಸ್: ಬರೀ ಸ್ವಿಂಗ್ (ಬ್ಯಾಟ್ ಬೀಸುವುದು)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6.30ಕ್ಕೆ ಪುಣೆಯ ಕೋಥ್ರೂಡ್‌ನ ನಮ್ಮ ಮಾಮೂಲಿ ಮೈದಾನಕ್ಕೆ ಬನ್ನಿ. ಈ ಸಲ ಪಿಚಿಂಗ್ (ಚೆಂಡು ಎಸೆಯುವುದು) ಇಲ್ಲ.

ಹೋದ ವಾರ ಮುಕ್ಕಾಲು ಜನ ಬರೀ ತೋಳಿನ ಬಲದಲ್ಲಿ ಬೀಸುತ್ತಿದ್ದಿರಿ. ಬ್ಯಾಟಿನ ವೇಗ ಹುಟ್ಟುವುದು ಕಾಲಲ್ಲಿ. ಮುಂಗಾಲು ಊರಿದ ತಕ್ಷಣ ಮೊದಲು ಸೊಂಟ ತಿರುಗಬೇಕು, ಭುಜ ಒಂದು ಕ್ಷಣ ಹಿಂದೆಯೇ ಇರಬೇಕು. ಒದ್ದೆ ಪಂಚೆ ಹಿಂಡುವಾಗ ಬಿಗಿಯಾಗುತ್ತದಲ್ಲ, ನಡು ಹಾಗೆ ಬಿಗಿಯಾಗಬೇಕು. ಆಮೇಲೆ ಎದೆ, ತೋಳು, ಕೊನೆಗೆ ಬ್ಯಾಟ್. ಚೆಂಡು ತಾಗುವ ಹೊತ್ತಿಗೆ ಮುಂಗಾಲು ನೆಟ್ಟಗೆ ಗಟ್ಟಿಯಾಗಿ ನಿಂತರೆ ಸೊಂಟ ಅಲ್ಲೇ ನಿಲ್ಲುತ್ತದೆ, ಆ ವೇಗವೆಲ್ಲ ಮೇಲಕ್ಕೆ ದಾಟುತ್ತದೆ. ಮಂಡಿ ಕುಸಿದರೆ ಹೋಯ್ತು.

ಕೈಗಳು ಮೈಗೆ ಹತ್ತಿರವೇ ಇರಲಿ. ಶುರುವಲ್ಲೇ ತೋಳು ಚಾಚಿದರೆ ಬ್ಯಾಟ್ ತಿರುಗುವುದು ನಿಧಾನ. ಹಿಡಿತ ಸಡಿಲ ಇರಲಿ, ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿ ಬೇಡ.

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸರಾಸರಿ ಬ್ಯಾಟ್ ವೇಗ ಗಂಟೆಗೆ ಸುಮಾರು 115 ಕಿ.ಮೀ. ನಮ್ಮದು ಅಳೆಯುವುದು ಬೇಡ ಬಿಡಿ!

ಕ್ರಿಕೆಟ್‌ನಿಂದ ಬಂದವರು ನೇರ ಬ್ಯಾಟಿನ ಅಭ್ಯಾಸ ಎರಡು ಗಂಟೆ ಮರೆಯಿರಿ. ಭಾರದ ಬ್ಯಾಟ್ ಇದ್ದವರು ಹಗುರದ್ದೂ ಒಂದು ತನ್ನಿ. ಬರದವರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ತಿಂಡಿಗೆ ಮಿಸಳ್ ಲೆಕ್ಕ ಹಾಕಬೇಕು.