ಲಿಥುವೇನಿಯಾದ ಹುಡುಗರನ್ನೂ ನೆನೆಯಿರಿ

ಸಂಪಾದಕರೇ,

ನೆಪೋಲಿಯನ್ನನ ರಷ್ಯಾ ದಂಡಯಾತ್ರೆ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಲಿಥುವೇನಿಯಾ ಅದರಲ್ಲಿ ಬರೀ ಸೈನ್ಯ ದಾಟಿ ಹೋದ ದಾರಿಯಾಗಿ ಉಳಿದಿದೆ. ಆ ನೆಲದ ಹುಡುಗರನ್ನೇ ಸೇರಿಸಿ ಕಟ್ಟಿದ ಪಡೆಗಳ ಸುದ್ದಿಯೇ ಇಲ್ಲ. ಇದು ನನಗೆ ಸರಿ ಅನಿಸಲಿಲ್ಲ.

1812ರ ಜೂನ್ 24ರಂದು ಸೈನ್ಯ ನೇಮನ್ ನದಿ ದಾಟಲು ಶುರುಮಾಡಿತು. ನಾಲ್ಕೇ ದಿನಕ್ಕೆ, ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಲಿಥುವೇನಿಯಾದ ಮುಖ್ಯ ನಗರ ವಿಲ್ನಿಯಸ್ ಕೈಗೆ ಬಂತು. ಜುಲೈ 1ಕ್ಕೆ ಅಲ್ಲೊಂದು ತಾತ್ಕಾಲಿಕ ಸರ್ಕಾರ ಮಾಡಿ, ಐದು ಕಾಲಾಳು ರೆಜಿಮೆಂಟ್, ನಾಲ್ಕು ಕುದುರೆ ರೆಜಿಮೆಂಟ್ ಕಟ್ಟಿಕೊಡುವ ಹೊರೆ ಹೊರಿಸಿದರು. ನೆಪೋಲಿಯನ್ ಪೋಲೆಂಡಿನಲ್ಲಿ ಕಟ್ಟಿದ್ದ ವಾರ್ಸಾ ಡಚಿ ಎಂಬ ರಾಜ್ಯದ ಕಾಲಾಳು ರೆಜಿಮೆಂಟುಗಳ ಲೆಕ್ಕ 17ಕ್ಕೆ ನಿಂತಿತ್ತು, ಹಾಗಾಗಿ ಇವಕ್ಕೆ 18ರಿಂದ 22ರವರೆಗೆ ನಂಬರ್ ಬಿತ್ತು.

ಆ ಹೊತ್ತಿಗಾಗಲೇ ಲಕ್ಷಾಂತರ ಸೈನಿಕರು ಊರೂರು ಬಾಚಿಕೊಂಡು ಹೋಗಿದ್ದರು. ಹೊಲದ ಪೈರು ಕುದುರೆ ಮೇವಾಗಿತ್ತು. ಅಂಥ ಊರುಗಳಿಂದಲೇ ಈಗ ಆಳು, ಬಟ್ಟೆ, ಕಾಳು ಎಲ್ಲ ಬರಬೇಕಿತ್ತು. ಕಾಲಾಳುಗಳಲ್ಲಿ ಹೆಚ್ಚಿನವರು ಜಮೀನ್ದಾರರ ಜೀತದ ರೈತರು. ಪಕ್ಕದ ವಾರ್ಸಾ ಡಚಿಯಲ್ಲಿ 1807ರಲ್ಲೇ ಜೀತ ರದ್ದಾಗಿತ್ತು, ಇಲ್ಲೂ ಹಾಗೇ ಆಗುತ್ತೆ ಅಂತ ರೈತರು ಆಸೆಪಟ್ಟಿದ್ದರು, ಆದರೆ ಹೊಸ ಸರ್ಕಾರ ಹೇಳಿದ್ದು ಒಡೆಯರ ಕೆಲಸ ಮೊದಲಿನಂತೆ ಮಾಡಿಕೊಂಡಿರಿ ಅಂತ. ತನ್ನ ಮನೆಯವರು ಜೀತದಲ್ಲೇ ಇರುವಾಗ ಆ ಹುಡುಗ ಯಾರಿಗಾಗಿ ಸಾಯಬೇಕಿತ್ತು? ಮನಸ್ಸಿಗೆ ಜಾಸ್ತಿ ನೋವಾಗೋದು ಇಲ್ಲೇ.

ಮುಖ್ಯ ಸೈನ್ಯ ಮಾಸ್ಕೋದಲ್ಲಿದ್ದಾಗ ಈ ರೆಜಿಮೆಂಟುಗಳಿಗೆ ಇನ್ನೂ ಕವಾಯತು ನಡೆಯುತ್ತಿತ್ತು. ಜಮೀನ್ದಾರರ ಮಕ್ಕಳೂ ವಿದ್ಯಾರ್ಥಿಗಳೂ ಸೇರಿದ್ದ ಬೇರೊಂದು ಪಡೆ, ಜನರಲ್ ಕೊನೊಪ್ಕಾನ ಭರ್ಜಿ ಸವಾರರದು. ಅಕ್ಟೋಬರಿನಲ್ಲಿ ಸ್ಲೋನಿಮ್ ಊರಲ್ಲಿ ರಷ್ಯನ್ನರು ದಿಢೀರನೆ ಮೇಲೆ ಬಿದ್ದರು, ಕೊನೊಪ್ಕಾನೂ ಸೆರೆಯಾದ. ಮುಖ್ಯ ಸೈನ್ಯ ಮಾಸ್ಕೋದಿಂದ ಹಿಂದೆ ಸರಿಯಿತು, ಡಿಸೆಂಬರಿನ ಚಳಿಯಲ್ಲಿ ವಿಲ್ನಿಯಸ್ ಮತ್ತೆ ರಷ್ಯನ್ನರ ಪಾಲಾಯಿತು. ಅಳಿದುಳಿದ ಕಾಲಾಳುಗಳಲ್ಲಿ ಒಂದಷ್ಟು ಜನ ವಾರ್ಸಾ ಹತ್ತಿರದ ಮೊಡ್ಲಿನ್ ಕೋಟೆ ಸೇರಿ, 1813ರ ಕೊನೆಗೆ ಅದು ಶರಣಾಗುವ ತನಕ ಅಲ್ಲಿದ್ದರು. ಒಂದೂವರೆ ವರ್ಷವೂ ಬಾಳದ ಪಡೆಗಳಿವು.

2001ರಲ್ಲಿ ವಿಲ್ನಿಯಸ್‌ನ ಹಳೆಯ ಸೋವಿಯತ್ ದಂಡುಪ್ರದೇಶದಲ್ಲಿ ಬುಲ್ಡೋಜರಿಗೆ ಎಲುಬು ಸಿಕ್ಕವು. ಅಗೆದಾಗ ಮೂರು ಸಾವಿರಕ್ಕೂ ಹೆಚ್ಚು ಜನರ ಅವಶೇಷ ಇತ್ತು. ಅವರು ನೆಪೋಲಿಯನ್ನನ ಸೈನಿಕರು ಅಂತ ತಿಳಿಯಲು ನೆರವಾದದ್ದರಲ್ಲಿ ಅಂಗಿಯ ಗುಂಡಿಗಳೂ ಸೇರಿವೆ, ಅವುಗಳ ಮೇಲೆ ರೆಜಿಮೆಂಟಿನ ನಂಬರ್ ಒತ್ತಿರುತ್ತಿತ್ತು.

ದಯವಿಟ್ಟು ಪುರವಣಿಯ ಮುಂದಿನ ಸಂಚಿಕೆಯಲ್ಲಿ 18ರಿಂದ 22ರವರೆಗಿನ ಆ ಐದು ರೆಜಿಮೆಂಟುಗಳಿಗೆ ಅರ್ಧ ಪುಟವಾದರೂ ಕೊಡಿ. ಜೊತೆಗೆ ನೇಮನ್‌ನಿಂದ ಸ್ಲೋನಿಮ್‌ವರೆಗಿನ ಒಂದು ನಕ್ಷೆ ಹಾಕಿದರೆ ಶಾಲೆಯ ಮಕ್ಕಳಿಗೂ ಅನುಕೂಲ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ