ಭಾನುವಾರದ ಮಾತುಕತೆಗೆ: ವಿಕ್ಟೋರಿಯಾ ರಾಣಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ವಿಕ್ಟೋರಿಯಾ ರಾಣಿಯ ಬಗ್ಗೆ ಮಾತಾಡೋಣ. 1837ರಲ್ಲಿ ಪಟ್ಟಕ್ಕೆ ಬಂದಾಗ ಅವರಿಗೆ ಬರೀ 18 ವರ್ಷ. ಅಲ್ಲಿಯವರೆಗೂ ತಾಯಿಯ ಕೋಣೆಯಲ್ಲೇ ಮಲಗಬೇಕಿತ್ತು, ಯಾರದಾದರೂ ಕೈ ಹಿಡಿಯದೆ ಮೆಟ್ಟಿಲು ಇಳಿಯುವಂತಿರಲಿಲ್ಲ! ರಾಣಿಯಾದ ದಿನವೇ ಮಂಚವನ್ನು ಬೇರೆ ಕೋಣೆಗೆ ಹಾಕಿಸಿದರು. ನನಗೆ ತುಂಬಾ ಇಷ್ಟವಾದ ಸಂಗತಿ ಇದು. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡರು. ಆಮೇಲೆ 1901ರಲ್ಲಿ ತಾವು ಸಾಯುವವರೆಗೂ ಕಪ್ಪು ಉಡುಪನ್ನೇ ತೊಟ್ಟರು.

ಇನ್ನೊಂದು ಮುಖವನ್ನೂ ಬಿಡಬಾರದು, ಅಲ್ವಾ? 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ಅವರನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದಾಗ, ಮೈಸೂರು ಸೀಮೆಯಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ. ಜನ ಹಸಿವಿನಿಂದ ಸಾಯುತ್ತಿದ್ದರು. ನಾವು ಜಾಸ್ತಿ ಹೊತ್ತು ಮಾತಾಡಬೇಕಾದ್ದು ಇದನ್ನೇ. ಆ ಬರದ ಬಗ್ಗೆ ಮನೆಯ ಹಿರಿಯರಿಂದ ಕೇಳಿದ್ದಿದ್ದರೆ ಶನಿವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ವಾಯ್ಸ್ ಮೆಸೇಜ್ ಆದರೂ ಸರಿ.